ಮೊನೆಯಲ್ಲಿ ಅಷ್ಟೊಂದು ಒತ್ತಡವಿದ್ದರೂ ಪಿನ್ನು ಗೋಡೆಗೆ ಯಾಕೆ ಇಳಿಯುವುದಿಲ್ಲ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಗೃಹಿಣಿ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಲ್ ಅಲಂಕಾರ ಪ್ರತಿವರ್ಷ ನನ್ನ ಪಾಲಿಗೇ ಬರುತ್ತದೆ. ಮಕ್ಕಳು ಬಿಡಿಸಿದ ಚಿತ್ರ, ಕವಿಗಳ ಫೋಟೊ, ಬಟ್ಟೆಯ ಬ್ಯಾನರ್ ಎಲ್ಲವನ್ನೂ ಗೋಡೆಗೆ ಸಿಕ್ಕಿಸಬೇಕು. ಡ್ರಾಯಿಂಗ್ ಪಿನ್ನುಗಳಲ್ಲಿ ಅರ್ಧಕ್ಕರ್ಧ ಬಾಗಿಹೋಗುತ್ತವೆ. ಹೇಗೋ ಇಳಿದವು ಫ್ಯಾನ್ ಹಾಕಿದ ಕೂಡಲೇ ಉದುರುತ್ತವೆ. ಹೆಬ್ಬೆರಳಂತೂ ಮರುದಿನ ಮುಟ್ಟಗೊಡುವುದಿಲ್ಲ. "ಅಗ್ಗದ ಮಾಲು ತರ್ತೀಯ, ಇನ್ನೂ ಚೂಪಾದದ್ದು ತಾ" ಅನ್ನುತ್ತಾರೆ ಮನೆಯವರು. ಒಂಬತ್ತನೇ ಕ್ಲಾಸಿನ ಮಗನ ತಕರಾರು ಬೇರೆ: "ಅಮ್ಮಾ, ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ. ಮೊನೆಯ ವಿಸ್ತೀರ್ಣ ಹತ್ತಿರ ಹತ್ತಿರ ಸೊನ್ನೆ. ಅಂದಮೇಲೆ ಒತ್ತಡ ಅನಂತ. ಗೋಡೆ ತೂತಾಗಲೇಬೇಕು." ಇಷ್ಟು ಸಾಲದು ಅಂತ, ಹೋದ ಸಲ ಲೋಕಲ್ ಗಾಡಿಯ ನೂಕಾಟದಲ್ಲಿ ನಮ್ಮಮ್ಮ ಕೊಟ್ಟ ಇಳಕಲ್ ಸೀರೆಯ ಸೆರಗು ಸೇಫ್ಟಿ ಪಿನ್ ಚುಚ್ಚಿದ್ದಲ್ಲೇ ಹರಿಯಿತು. ತಪ್ಪು ಪಿನ್ನಿನದೋ, ನನ್ನದೋ?

ಉತ್ತರ: ಗೋಡೆಗೆ ಪಿನ್ನು ಇಳಿಯದ್ದು, ಇಳಿದರೂ ನಿಲ್ಲದ್ದು, ಬೆರಳು ನೋಯುವುದು, ಸೆರಗು ಹರಿದದ್ದು. ನೀವು ಕೇಳಿದ ಈ ನಾಲ್ಕಕ್ಕೂ ಕಾರಣ ಒಂದೇ ಬುಡದಿಂದ ಬರುತ್ತದೆ. ಒತ್ತಡ ಎಲ್ಲಿ ಹೆಚ್ಚಿರಬೇಕು, ಎಲ್ಲಿ ಕಡಿಮೆ ಇರಬೇಕು ಎಂಬ ಲೆಕ್ಕದ ಮೇಲೆಯೇ ಪಿನ್ನು ಎಂಬ ವಸ್ತು ನಿಂತಿದೆ. ಮೊನೆಯಲ್ಲಿ ಅದು ವಿಪರೀತವಾಗಬೇಕು, ಬೆರಳಿನ ಬಳಿ ಇಲ್ಲವೇ ಇಲ್ಲ ಅನಿಸಬೇಕು, ಕಡ್ಡಿಯ ಪಕ್ಕದಲ್ಲಿ ಹದವಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನೀವು ಬರೆದಂಥ ಫಜೀತಿಯಾಗುತ್ತದೆ. ಪುಣೆ ಹತ್ತಿರದ ಭೋಸರಿಯ ಟೂಲ್ ರೂಮುಗಳಲ್ಲಿ ಪಂಚು, ಡೈ (ತಗಡು ಕತ್ತರಿಸುವ, ತೂತು ಹೊಡೆಯುವ ಅಚ್ಚುಗಳು) ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ತಗಡಿಗೆ ತೂತು ಹೊಡೆಯುವ ಪಂಚಿಗೂ ನಿಮ್ಮ ಡ್ರಾಯಿಂಗ್ ಪಿನ್ನಿಗೂ ಗಾತ್ರದಲ್ಲಿ ವ್ಯತ್ಯಾಸವಿದೆಯೇ ಹೊರತು ಕಷ್ಟದಲ್ಲಿ ಇಲ್ಲ.

ಮೊದಲು ಮಗನ ತಕರಾರು, ಯಾಕೆಂದರೆ ಅವನು ಮುಕ್ಕಾಲು ಪಾಲು ಸರಿ. ಹೆಬ್ಬೆರಳಿನಿಂದ ನೀವು ಸುಮಾರು 5 ಕಿಲೋ ಭಾರದಷ್ಟು ಒತ್ತುತ್ತೀರಿ ಅಂತಿಟ್ಟುಕೊಳ್ಳೋಣ. ಪಿನ್ನಿನ ತಲೆ 10 ಮಿಲಿಮೀಟರ್ ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 78 ಚದರ ಮಿಲಿಮೀಟರ್. ಬೆರಳಿನ ಮೇಲೆ ಚದರ ಮಿಲಿಮೀಟರಿಗೆ 64 ಗ್ರಾಮಿನಷ್ಟು ಭಾರ ಬಿತ್ತು. ಇನ್ನು ಮೊನೆ ಎಷ್ಟೇ ಚೂಪಾಗಿದ್ದರೂ ಭೂತಗನ್ನಡಿಯಲ್ಲಿ ನೋಡಿದರೆ ಅದೂ ಒಂದು ಪುಟ್ಟ ಮೊಂಡು ತುದಿಯೇ, ವಿಸ್ತೀರ್ಣ ಸೊನ್ನೆಯಾಗುವ ಮಾತಿಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲ ಅಂತ ಹಿಡಿದರೆ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 640 ಕಿಲೋ. ತಲೆಯಲ್ಲಿದ್ದದ್ದಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚು. ಗಮನಿಸಬೇಕಾದ್ದು ಏನೆಂದರೆ, ಬಲ ಒಂದು ಗ್ರಾಂ ಕೂಡ ಹೆಚ್ಚಾಗಲಿಲ್ಲ. ಪಿನ್ನು ಬಲವನ್ನು ಹೆಚ್ಚಿಸುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ, ಅದು ತಪ್ಪು. ನೀವು ಕೊಟ್ಟ 5 ಕಿಲೋ ತಲೆಯಲ್ಲೂ ಅದೇ, ಮೊನೆಯಲ್ಲೂ ಅದೇ.

ಹಾಗಾದರೆ 640 ಕಿಲೋ ಎದುರು ಗೋಡೆ ನಿಂತದ್ದು ಹೇಗೆ? ನಮ್ಮ ಕಡೆ ಸಾಮಾನ್ಯವಾಗಿ ಬಳಸುವ ಎಂ 20 ದರ್ಜೆಯ ಕಾಂಕ್ರೀಟು 28 ದಿನ ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡುವುದು) ಆದಮೇಲೆ ಚದರ ಮಿಲಿಮೀಟರಿಗೆ 20 ನ್ಯೂಟನ್, ಅಂದರೆ ಸುಮಾರು 2 ಕಿಲೋ ತಡೆದರೆ ಪಾಸು. 640 ಎಲ್ಲಿ, 2 ಎಲ್ಲಿ! ಇಲ್ಲಿ ಮೂರು ಸಂಗತಿಗಳಿವೆ, ಮಗನಿಗೆ ನಿಧಾನವಾಗಿ ಹೇಳಿ.

ಒಂದು, ಆ ಒತ್ತಡವನ್ನು ತಾಳುವ ತಾಕತ್ತು ಮೊನೆಗೇ ಇಲ್ಲ. ಅಂಗಡಿಯ ಮಾಮೂಲಿ ಪಿನ್ನಿನ ಉಕ್ಕಿನ ತಂತಿ ಚದರ ಮಿಲಿಮೀಟರಿಗೆ 40ರಿಂದ 60 ಕಿಲೋ ಬಿದ್ದರೆ ಮೆತ್ತಗಾಗಿ ಹರಡತೊಡಗುತ್ತದೆ. ಗಟ್ಟಿ ಜಾಗಕ್ಕೆ ಒತ್ತಿದಾಗ ಮೊದಲು ಸೋಲುವುದು ಗೋಡೆಯಲ್ಲ, ಮೊನೆ. 5 ಕಿಲೋ ಹೊರುವಷ್ಟು ಅಗಲವಾಗುವವರೆಗೆ ಅದು ಚಪ್ಪಟೆಯಾಗುತ್ತದೆ, ಲೆಕ್ಕ ಹಾಕಿದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಬಾಗಿದ ಪಿನ್ನೊಂದನ್ನು ಬೆಳಕಿಗೆ ಹಿಡಿದು ನೋಡಿ, ತುದಿ ಮಿಣುಗುಟ್ಟುವ ಚುಕ್ಕೆಯಂತೆ ಮೊಂಡಾಗಿರುತ್ತದೆ. ಎರಡು, ಮೊನೆ ಒಳಗಿಳಿದಂತೆ ಅದರ ಹಿಂದೆ ದಪ್ಪ ಕಡ್ಡಿ ಬರುತ್ತದೆ. ಒಂದು ಮಿಲಿಮೀಟರ್ ದಪ್ಪದ ಕಡ್ಡಿ ಪೂರ್ತಿ ಇಳಿಯಬೇಕಾದರೆ ಅದೇ 5 ಕಿಲೋದ ಒತ್ತಡ ಚದರ ಮಿಲಿಮೀಟರಿಗೆ ಬರೀ ಆರೂವರೆ ಕಿಲೋಗೆ ಕುಸಿಯುತ್ತದೆ. ಮೂರು, ಕಾಂಕ್ರೀಟಿನ ಆ 2 ಕಿಲೋ ಅಂಕಿ ಬಂದದ್ದು ಹದಿನೈದು ಸೆಂಟಿಮೀಟರಿನ ಘನಾಕಾರದ ತುಂಡನ್ನು ಮಷೀನಿನಲ್ಲಿಟ್ಟು ಅಮುಕಿದಾಗ. ಅಲ್ಲಿ ತುಂಡು ನಾಲ್ಕೂ ಕಡೆಗೆ ಉಬ್ಬಿ ಒಡೆಯಬಹುದು. ಪಿನ್ನಿನ ಮೊನೆಯ ಕೆಳಗಿರುವ ಕಣಕ್ಕೆ ಆ ಅನುಕೂಲವಿಲ್ಲ. ಸುತ್ತಲೂ ಗೋಡೆಯೇ ಇರುವಾಗ ಅದು ಎಲ್ಲಿಗೆ ಸರಿಯಬೇಕು? ಹಾಗಾಗಿ ಹಲವು ಪಟ್ಟು ಹೆಚ್ಚು ಒತ್ತಡ ಬೇಕಾಗುತ್ತದೆ. ಅದರಲ್ಲೂ ಮುಂಬಯಿ, ಪುಣೆಯ ಕಾಂಕ್ರೀಟಿಗೆ ಹಾಕುವ ಜಲ್ಲಿ ದಖನ್ನಿನ ಕರಿಕಲ್ಲು. ಮೊನೆ ನೇರ ಅದಕ್ಕೇ ತಾಗಿದರೆ ಮುಗಿಯಿತು.

ಇನ್ನು ಬಾಗುವ ವಿಷಯ. ನಿಮ್ಮ ಮನೆಯವರು ಹೇಳಿದ "ಇನ್ನೂ ಚೂಪಾದದ್ದು" ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಿನ್ನು ಬಾಗುವುದು ಮೊನೆಯಲ್ಲಲ್ಲ, ಸೊಂಟದಲ್ಲಿ. 1 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಡ್ರಾಯಿಂಗ್ ಪಿನ್ನನ್ನು ನೆಟ್ಟಗೆ ಒತ್ತಿದರೆ 20 ಕಿಲೋಗೂ ಮೇಲೆ ತಡೆಯುತ್ತದೆ, ಹೆಬ್ಬೆರಳಿಗೆ ಅದನ್ನು ಬಾಗಿಸುವ ಶಕ್ತಿಯೇ ಇಲ್ಲ. ಆದರೆ ಅಡ್ಡಕ್ಕೆ ಅರ್ಧ ಮುಕ್ಕಾಲು ಕಿಲೋ ಬಿದ್ದರೆ ಸಾಕು, ಬಾಗುತ್ತದೆ. ನೀವು 5 ಕಿಲೋ ಒತ್ತುವಾಗ ಕೈ ಏಳೆಂಟು ಡಿಗ್ರಿ ವಾಲಿದರೆ ಆ ಅರ್ಧ ಕಿಲೋ ಅಡ್ಡಕ್ಕೆ ಬಂದೇಬಿಟ್ಟಿತು. ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಬ್ಯಾನರ್ ಹಿಡಿದು, ತಲೆಯ ಮೇಲಿನ ಎತ್ತರಕ್ಕೆ ಕೈ ಚಾಚಿ ಒತ್ತುವವರ ಬೆರಳು ಏಳೆಂಟು ಡಿಗ್ರಿ ವಾಲದೆ ಇರುತ್ತದೆಯೇ? ಬಾಗುವುದು ಮಾಲಿನ ದೋಷಕ್ಕಿಂತ ಹೆಚ್ಚಾಗಿ ಸ್ಟೂಲಿನ ದೋಷ. ಎದೆಮಟ್ಟಕ್ಕೆ ಬರುವಂತೆ ಏಣಿ ಹತ್ತಿ ಒತ್ತಿ, ಬಾಗುವುದು ಕಡಿಮೆಯಾಗುತ್ತದೆ.

ಗುಂಡುಸೂಜಿಯ ಕಥೆ ಬೇರೆ. ಅದರ ಕಡ್ಡಿ ಅರ್ಧ ಮಿಲಿಮೀಟರಿನ ಆಸುಪಾಸು, ಉದ್ದ ಮಾತ್ರ ಎರಡೂವರೆ ಮೂರು ಸೆಂಟಿಮೀಟರ್. ಉದ್ದ ಎರಡು ಪಟ್ಟಾದರೆ ನೆಟ್ಟಗೆ ತಡೆಯುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ದಪ್ಪ ಅರ್ಧವಾದರೆ ಹದಿನಾರನೇ ಒಂದಕ್ಕೆ. ಅದಕ್ಕೇ ಗುಂಡುಸೂಜಿ ನೆಟ್ಟಗೆ ಒತ್ತಿದರೂ ಬಿಲ್ಲಾಗುತ್ತದೆ. ಅದು ಕಾಗದ, ಬಟ್ಟೆಗೆ ಹುಟ್ಟಿದ್ದು, ಗೋಡೆಯ ಹತ್ತಿರ ಒಯ್ಯಲೇಬೇಡಿ. ಟೂಲ್ ರೂಮಿನಲ್ಲಿ ತೆಳು ಪಂಚು ಇದೇ ರೀತಿ ನಡುವಿನಲ್ಲಿ ಮುರಿಯುತ್ತದೆ. ನಾವು ಅದನ್ನು ತಗಡಿಗೆ ತೀರಾ ಹತ್ತಿರದಲ್ಲಿ ಸ್ಟ್ರಿಪ್ಪರ್ ಪ್ಲೇಟ್ ಎಂಬ ಉಕ್ಕಿನ ಹಲಗೆಯ ತೂತಿನೊಳಗೆ ಹಾಯಿಸಿ, ಬಾಗಲು ಜಾಗವೇ ಇಲ್ಲದಂತೆ ಮಾಡುತ್ತೇವೆ. ನೀವೂ ಮಾಡಬಹುದು: ಸಣ್ಣ ಮೊಳೆಯನ್ನು ಉದ್ದ ಮೂತಿಯ ಪಕ್ಕಡಿನಿಂದ ಗೋಡೆಗೆ ತಾಗುವ ತುದಿಯ ಹತ್ತಿರ ಹಿಡಿದು ಹೊಡೆಯಿರಿ. ಮಗನಿಗೆ ಇದನ್ನು ಕಣ್ಣಾರೆ ತೋರಿಸುವ ಹಳೆಯ ಪ್ರಯೋಗ ಒಂದಿದೆ. ಹೊಲಿಗೆ ಸೂಜಿಯನ್ನು ಬಾಟಲಿಯ ಕಾರ್ಕಿನೊಳಗೆ ಪೂರ್ತಿ ತೂರಿಸಿ, ಮೇಲೆ ಉಳಿದದ್ದನ್ನು ಕತ್ತರಿಸಿ, ಮೆತ್ತನೆಯ ಲೋಹದ ನಾಣ್ಯದ ಮೇಲಿಟ್ಟು ಸುತ್ತಿಗೆಯಿಂದ ಗಟ್ಟಿಯಾಗಿ ಹೊಡೆದರೆ ಸೂಜಿ ನಾಣ್ಯದೊಳಗೆ ಇಳಿಯುತ್ತದೆ. ಬರೀ ಸೂಜಿಯಾದರೆ ಮುರಿದು ಹಾರುತ್ತದೆ. ಶಾಲೆಯ ಲ್ಯಾಬಿನಲ್ಲಿ, ಮೇಷ್ಟರ ಎದುರಿಗೆ, ಕಣ್ಣಿಗೆ ಗಾಗಲ್ ಹಾಕಿಕೊಂಡು ಮಾತ್ರ. ಅಡುಗೆಮನೆ ಕಟ್ಟೆಯ ಮೇಲೆ ಬೇಡ.

ಇಳಿದ ಪಿನ್ನು ಉದುರುವುದೇಕೆ? ಪಿನ್ನನ್ನು ಒಳಗೆ ಕಳಿಸುವುದು ಮೊನೆಯ ಒತ್ತಡ, ಅಲ್ಲೇ ಹಿಡಿದಿಡುವುದು ಪಕ್ಕದ ಘರ್ಷಣೆ. ಇದನ್ನು ಬೇರೆ ಬೇರೆಯಾಗಿ ನೋಡದೆ ಇರುವುದೇ ಎಲ್ಲ ಗೊಂದಲದ ಮೂಲ. ಮರಕ್ಕೆ ಒತ್ತಿದಾಗ ನಾರುಗಳು ಪಕ್ಕಕ್ಕೆ ಸರಿದು, ಮತ್ತೆ ಮೊದಲಿನ ಜಾಗಕ್ಕೆ ಬರಲು ಹವಣಿಸುತ್ತ ಕಡ್ಡಿಯನ್ನು ಅಮುಕಿ ಹಿಡಿಯುತ್ತವೆ. ಗೋಡೆಯ ಪುಟ್ಟಿ, ಪ್ಲಾಸ್ಟರಿಗೆ ಆ ಗುಣವಿಲ್ಲ. ಅವು ಪುಡಿಯಾಗುತ್ತವೆ, ಪುಡಿ ಯಾರನ್ನೂ ಹಿಡಿಯುವುದಿಲ್ಲ. ನಿಮ್ಮ ಹಾಲಿನಲ್ಲಿ ನಡೆಯುತ್ತಿರುವುದು ಹೀಗಿರಬೇಕು: ಮೇಲಿನ ಒಂದೆರಡು ಮಿಲಿಮೀಟರ್ ಪುಟ್ಟಿಯಲ್ಲಿ ಪಿನ್ನು ಸಲೀಸಾಗಿ ಹೋಗುತ್ತದೆ, "ಇಳೀತು" ಅನ್ನುವಷ್ಟರಲ್ಲಿ ಸಿಮೆಂಟ್ ಪ್ಲಾಸ್ಟರ್ ತಾಗಿ ನಿಲ್ಲುತ್ತದೆ. ಒಂಚೂರು ಗಾಳಿ ಬಂದರೆ ಪುಟ್ಟಿಯ ಚಕ್ಕೆ ಸಮೇತ ಕೆಳಗೆ.

ಯಾವ ಗೋಡೆ ಎಂಬುದೂ ಮುಖ್ಯ. ಹಳೆಯ ಬಿಲ್ಡಿಂಗುಗಳಲ್ಲಿ ಕಂಬ, ತೊಲೆಯಷ್ಟೇ ಕಾಂಕ್ರೀಟು, ನಡುವೆ ಇಟ್ಟಿಗೆ. ಆಮೇಲೆ ಬಂದ ಸಿಪೊರೆಕ್ಸ್ ಎಂಬ ಹಗುರ ಕಾಂಕ್ರೀಟ್ ಬ್ಲಾಕುಗಳಲ್ಲಿ ಮೊಳೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ, ಬರುವುದೂ ಅಷ್ಟೇ ಸುಲಭ. ಮಿವಾನ್ ಶಟರಿಂಗಿನಲ್ಲಿ, ಅಂದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ, ಎರಕ ಹೊಯ್ದ ಹೊಸ ಟವರುಗಳಲ್ಲಿ ಒಳಗೋಡೆಯೂ ಗಟ್ಟಿ ಕಾಂಕ್ರೀಟೇ, ಅಲ್ಲಿ ಹೆಬ್ಬೆರಳಿನ ಆಟ ಏನೂ ನಡೆಯುವುದಿಲ್ಲ. ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ: ಡಬ್ ಅಂದರೆ ಬ್ಲಾಕು ಅಥವಾ ಪಿಒಪಿ, ಕಲ್ಲಿಗೆ ಹೊಡೆದಂತಾಗಿ ಬೆರಳೇ ನೊಂದರೆ ಕಾಂಕ್ರೀಟು.

ಇಷ್ಟಾದ ಮೇಲೆ ಏನು ಮಾಡಬಹುದು? ನನ್ನ ಮೊದಲ ಆಯ್ಕೆ ಮರದ ಪಟ್ಟಿ. ಎರಡು ಇಂಚು ಅಗಲದ ಪಟ್ಟಿಯನ್ನು ಹಾಲಿನ ಉದ್ದಕ್ಕೂ ಸ್ಕ್ರೂ ಹಾಕಿ ಒಂದೇ ಸಲ ಗೋಡೆಗೆ ಕೂರಿಸಿಬಿಡಿ, ಮುಂದಿನ ಎಲ್ಲ ರಾಜ್ಯೋತ್ಸವಕ್ಕೂ ಅದಕ್ಕೇ ಪಿನ್ನು. ಪೈನ್ ಮರ ಒಳ್ಳೆಯದು. ಮಷೀನುಗಳು ಬರುವ ಪೆಟ್ಟಿಗೆಯ ಹಲಗೆ ಭಂಗಾರದವರ (ಗುಜರಿಯವರ) ಹತ್ತಿರ ಸಿಗುತ್ತದೆ. ಮೆತ್ತಗಿರುವುದರಿಂದ ಹೆಬ್ಬೆರಳಿಗೆ ಬಗ್ಗುತ್ತದೆ, ನಾರಿರುವುದರಿಂದ ಹಿಡಿಯುತ್ತದೆ. ಸನ್‌ಮೈಕಾ ಅಂಟಿಸಿದ ಪ್ಲೈ ಬೇಡ, ಆ ಗಟ್ಟಿ ಪದರಕ್ಕೆ ಮೊನೆಗಳೆಲ್ಲ ಬಲಿ. ಪಟ್ಟಿಯ ತೀರಾ ಅಂಚಿಗೆ ಮೊಳೆ ಹೊಡೆಯುವುದಿದ್ದರೆ ಚೂಪು ಮೊನೆಯನ್ನು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿ ಮೊಂಡು ಮಾಡಿಕೊಳ್ಳಿ. ಚೂಪು ಮೊನೆ ಬೆಣೆಯಂತೆ ನಾರನ್ನು ಸೀಳುತ್ತದೆ, ಮೊಂಡು ಮೊನೆ ನಾರನ್ನು ತುಂಡರಿಸಿಕೊಂಡು ಹೋಗುತ್ತದೆ, ಮರ ಬಿರಿಯುವುದಿಲ್ಲ. ಬಡಗಿಗಳಿಗೆಲ್ಲ ಗೊತ್ತಿರುವ ವಿದ್ಯೆ ಇದು, "ಚೂಪಾದಷ್ಟೂ ಒಳ್ಳೆಯದು" ಅನ್ನುವವರಿಗೆ ನಾನು ಕೊಡುವ ಉತ್ತರವೂ ಇದೇ.

ಕಾಂಕ್ರೀಟ್ ಮೊಳೆಯೂ ಒಂದು ದಾರಿ. ಗಿಡ್ಡ, ದಪ್ಪ, ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಬಾಗಲು ಸೊಂಟವೇ ಇಲ್ಲ. ಕಾಲು ಕಿಲೋದ ಸುತ್ತಿಗೆ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಬಂದು, ಮೊಳೆ ಒಂದು ಮಿಲಿಮೀಟರ್ ಇಳಿಯುವಷ್ಟರಲ್ಲಿ ನಿಂತರೆ ಸರಾಸರಿ 200 ಕಿಲೋದಷ್ಟು ಬಲ ಬೀಳುತ್ತದೆ. ನಿಮ್ಮ ಹೆಬ್ಬೆರಳಿನ ನಲವತ್ತು ಪಟ್ಟು. ಅಪಾಯವೂ ಇದೆ: ಗಟ್ಟಿ ಉಕ್ಕು ಬಾಗುವ ಬದಲು ಚಟ್ಟನೆ ಮುರಿದು ಹಾರಬಹುದು. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಒಳಗಡೆ ವೈರಿನ ಪೈಪು ಹೋಗಿರುತ್ತದೆ, ಆ ಸಾಲಿನಲ್ಲಿ ಮೊಳೆ ಹೊಡೆಯಲೇಬಾರದು. ಹಾಲ್ ಬಾಡಿಗೆಯದಾದರೆ ಮೊದಲು ಕೇಳಿ. ಟೇಪು ಅಂಟಿಸುವವರೂ ಇದ್ದಾರೆ. ಮಳೆಗಾಲ ಈಗಷ್ಟೇ ಕಳೆದ ಗೋಡೆಯಲ್ಲಿ ಟೇಪು ತಾನಾಗಿ ಬೀಳುತ್ತದೆ, ಇಲ್ಲವೇ ಪೇಂಟನ್ನೂ ಎತ್ತಿಕೊಂಡು ಬರುತ್ತದೆ.

ಬೆರಳು ನೋಯುವುದಕ್ಕೆ ಬಹುತೇಕ ತಲೆ ಕಾರಣ. ಡ್ರಾಯಿಂಗ್ ಪಿನ್ ಇಂದಿನ ರೂಪಕ್ಕೆ ಬಂದದ್ದು 1900ರ ನಂತರದ ಮೊದಲ ವರ್ಷಗಳಲ್ಲಿ, ಜರ್ಮನಿಯ ಲೈಖನ್ ಎಂಬ ಊರಿನ ಗಡಿಯಾರದ ಕುಶಲಿ ಯೋಹಾನ್ ಕಿರ್ಸ್ಟನ್ ಕೈಯಲ್ಲಿ ಅಂತ ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1900ರಲ್ಲಿ, ಅಮೆರಿಕದ ಎಡ್ವಿನ್ ಮೂರ್ ಪುಶ್ ಪಿನ್ ತಂದರು, ಪಿನ್ನಿಗೊಂದು ಹಿಡಿಕೆ. ಡ್ರಾಯಿಂಗ್ ಪಿನ್ನಿನ ಬಟ್ಟಲು ತಲೆ ಒತ್ತಡವನ್ನು ಬೆರಳಿನ ತುಂಬ ಹರಡುತ್ತದೆ, ಆದರೆ ನೆಟ್ಟಗೆ ಹಿಡಿಯಲು ಏನೂ ಕೊಡುವುದಿಲ್ಲ. ಪುಶ್ ಪಿನ್ನಿನ ಹಿಡಿಕೆಯಿಂದ ಕೈ ವಾಲುವುದು ಕಡಿಮೆಯಾಗುತ್ತದೆ, ಬಾಗುವುದೂ ಕಡಿಮೆ. ಅಗ್ಗದ ಡ್ರಾಯಿಂಗ್ ಪಿನ್ನುಗಳಲ್ಲಿ ಕಡ್ಡಿಯನ್ನು ತಲೆಯ ತೂತಿಗೆ ಸೇರಿಸಿ ರಿವೆಟ್ ಮಾಡಿರುತ್ತಾರೆ. ಗಟ್ಟಿ ಜಾಗಕ್ಕೆ ಒತ್ತಿದಾಗ ಕಡ್ಡಿ ಹಿಂದಕ್ಕೆ ಜಾರಿ ತಲೆಯ ಮೂಲಕ ಬೆರಳಿಗೇ ಚುಚ್ಚುತ್ತದೆ. ಕೊಳ್ಳುವ ಮುಂಚೆ ತಲೆಯ ಮೇಲೆ ಉಗುರಾಡಿಸಿ, ನಡುವೆ ಚುಕ್ಕಿ ತಗುಲಿದರೆ ಬಿಡಿ. ಮನೆಯಲ್ಲಿರುವ ಪಿನ್ನುಗಳನ್ನೇ ಬಳಸುವುದಿದ್ದರೆ ತಲೆಯ ಮೇಲೆ ಐದು ರೂಪಾಯಿ ನಾಣ್ಯವಿಟ್ಟು ಒತ್ತಿ.

ತಲೆಗೆ ಇನ್ನೊಂದು ಕೆಲಸವಿದೆ, ಕಾಗದವನ್ನು ಅಗಲಕ್ಕೆ ಅಮುಕಿ ಹಿಡಿಯುವುದು. ತಲೆ ಕಾಗದಕ್ಕೆ ತಾಗದೆ ಎದ್ದು ನಿಂತಿದ್ದರೆ ಇಡೀ ಭಾರ ತೆಳು ಕಡ್ಡಿಯ ಮೇಲೆ ನಿಂತು ತೂತು ಸೀಳುತ್ತದೆ. ಬಟ್ಟೆಯ ಬ್ಯಾನರಿನ ಮೂಲೆಯನ್ನು ಎರಡು ಮೂರು ಮಡಿಕೆ ಮಾಡಿ, ಮೇಲೊಂದು ರಟ್ಟಿನ ತುಂಡಿಟ್ಟು ಪಿನ್ನು ಮಾಡಿ.

ಸಂಘದ ಹಾಲಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕೂರುವ ರೂಢಿ, ಆದ್ದರಿಂದ ಒಂದು ಮಾತು ಹೇಳಲೇಬೇಕು. ಉದುರಿದ ಡ್ರಾಯಿಂಗ್ ಪಿನ್ನು ಚಪ್ಪಟೆ ತಲೆಯ ಮೇಲೆ ಕೂತು ಮೊನೆಯನ್ನು ಆಕಾಶಕ್ಕೆ ತೋರಿಸುತ್ತದೆ, ಪುಶ್ ಪಿನ್ನು ಪಕ್ಕಕ್ಕೆ ಮಲಗುತ್ತದೆ. ಮಕ್ಕಳು ಓಡಾಡುವ ಕಡೆ ನಾನು ಪುಶ್ ಪಿನ್ನನ್ನೇ ಹೇಳುವುದು ಈ ಒಂದು ಕಾರಣಕ್ಕೆ. ಕಾರ್ಯಕ್ರಮ ಮುಗಿದಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದರೆ ಉಕ್ಕಿನ ಪಿನ್ನುಗಳು ಅಂಟಿ ಬರುತ್ತವೆ, ಪೂರ್ತಿ ಹಿತ್ತಾಳೆಯವು ಬರುವುದಿಲ್ಲ. ಚುಚ್ಚಿದರೆ "ತುಕ್ಕು ಹಿಡಿದದ್ದಲ್ಲ, ಹೊಳೀತಿದೆ, ಧನುರ್ವಾಯು ಆಗಲ್ಲ" ಅನ್ನುವುದು ಸುಳ್ಳು ಧೈರ್ಯ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ, ಮಣ್ಣು ಧೂಳಿನಲ್ಲಿರುವ ರೋಗಾಣುವಿನಿಂದ. ಕಿರಿದಾದ ಆಳದ ಗಾಯದಲ್ಲಿ ಗಾಳಿಯಾಡದಿರುವುದು ಅದಕ್ಕೆ ಹಿತ. ತೊಳೆದು ಡಾಕ್ಟರರಿಗೆ ತೋರಿಸಿ, ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳುತ್ತಾರೆ.

ಈಗ ಸೆರಗು. ತಪ್ಪು ಯಾರದು ಅಂತ ಕೇಳಿದ್ದೀರಿ. ಚುಚ್ಚಿದ ಜಾಗದ್ದು ಅಂತ ನನ್ನ ಅನುಮಾನ. ಗೋಡೆಯಲ್ಲಿ ಒತ್ತಡ ಹೆಚ್ಚು ಬೇಕಾಗಿದ್ದರೆ ಇಲ್ಲಿ ಅದೇ ಶತ್ರು. ಸೇಫ್ಟಿ ಪಿನ್ನಿನ ಮೊನೆ ಒಳಹೊಕ್ಕ ಕ್ಷಣಕ್ಕೆ ಅದರ ಕೆಲಸ ಮುಗಿಯಿತು. ಆಮೇಲೆ ಸೆರಗಿನ ಎಳೆತವನ್ನೆಲ್ಲ ಹೊರುವುದು ಕಡ್ಡಿಯ ಪಕ್ಕ. ಅಲ್ಲಿಯ ವಿಸ್ತೀರ್ಣ ಕಡ್ಡಿಯ ದಪ್ಪವನ್ನು ಬಟ್ಟೆಯ ದಪ್ಪದಿಂದ ಗುಣಿಸಿದಷ್ಟು. ಒಂದು ಮಿಲಿಮೀಟರ್ ಕಡ್ಡಿ, ಮಿಲಿಮೀಟರಿನ ಐದನೇ ಒಂದು ಭಾಗದ ಬಟ್ಟೆ ಅಂದರೆ 0.2 ಚದರ ಮಿಲಿಮೀಟರ್. ನೂಕಾಟದಲ್ಲಿ ಯಾರದೋ ಬ್ಯಾಗಿಗೆ ಸಿಕ್ಕು 4 ಕಿಲೋ ಎಳೆತ ಬಿದ್ದರೆ ಚದರ ಮಿಲಿಮೀಟರಿಗೆ 20 ಕಿಲೋ, ಅದೂ ಹಿಡಿಯಷ್ಟು ನೂಲಿನ ಮೇಲಲ್ಲ, ಕಡ್ಡಿಗೆ ತಾಗಿದ ಕೆಲವೇ ಎಳೆಗಳ ಮೇಲೆ. ದಾದರಿನಿಂದ ತುಂಬಿದ ತರಕಾರಿ ಚೀಲ ಹೊತ್ತು ಬರುವಾಗ ತೆಳು ಹಿಡಿಕೆ ಬೆರಳನ್ನು ಕೊಯ್ಯುತ್ತದಲ್ಲ, ನಡುವೆ ಕರ್ಚೀಫು ಮಡಿಸಿಟ್ಟರೆ ಭಾರ ಅಷ್ಟೇ ಇದ್ದರೂ ಹಾಯೆನಿಸುತ್ತದೆ. ಸೆರಗಿಗೂ ಅದೇ ಉಪಚಾರ ಬೇಕು.

ಅಂದರೆ ನೆರಿಗೆಗಳನ್ನೆಲ್ಲ ಕೂಡಿಸಿ ಒಟ್ಟಿಗೆ ಚುಚ್ಚಿ. ಐದು ಪದರವಾದರೆ ಒಂದೊಂದರ ಮೇಲಿನ ಒತ್ತಡ ಐದನೇ ಒಂದು. ಕೆಳಗಡೆ ರವಿಕೆಯ ಒಳಭಾಗದಲ್ಲಿ ದಪ್ಪ ಬಟ್ಟೆಯ ಸಣ್ಣ ತುಂಡು ಕೊಡಿ. ಇಳಕಲ್ಲಿನ ಒಡಲು ಸಾಮಾನ್ಯವಾಗಿ ಹತ್ತಿಯದು, ಟೋಪ್ ತೆನಿ ಎಂಬ ಕೆಂಪು-ಬಿಳಿ ಪಟ್ಟಿಯ ಸೆರಗು ರೇಷ್ಮೆಯದು. ಆ ಎರಡೂ ಕೂಡುವ ಜೋಡಣೆಯ ಹತ್ತಿರ ಪಿನ್ನು ಬೇಡವೇ ಬೇಡ. ಪಿನ್ನನ್ನು ಎಳೆತಕ್ಕೆ ಅಡ್ಡವಾಗಿ ಹಾಕಿ, ಆಗ ಎರಡು ತೂತುಗಳೂ ಭಾರ ಹಂಚಿಕೊಳ್ಳುತ್ತವೆ. ಎಳೆತದ ನೇರಕ್ಕೆ ಹಾಕಿದರೆ ಒಂದೇ ತೂತು ಎಲ್ಲವನ್ನೂ ತಿನ್ನುತ್ತದೆ. "ರೇಷ್ಮೆಗೆ ತೆಳು ಪಿನ್ನೇ ವಾಸಿ" ಎಂಬುದು ಅರ್ಧ ನಿಜ: ತೆಳು ಪಿನ್ನಿನ ತೂತು ಚಿಕ್ಕದು, ಆದರೆ ಎಳೆತ ಬಂದಾಗ ಅದು ಬ್ಲೇಡಿನ ಕೆಲಸ ಮಾಡುತ್ತದೆ. ಮದುವೆ ಮನೆಯಲ್ಲಿ ಕೂತಿರುವುದಾದರೆ ತೆಳುವಾದದ್ದು, ಲೋಕಲ್ ಗಾಡಿ ಹತ್ತುವುದಾದರೆ ಸ್ವಲ್ಪ ದಪ್ಪನೆಯದು. ಮೊನೆ ಮಾತ್ರ ಮೊಂಡಾಗಿರಬಾರದು. ಬಟ್ಟೆಯಲ್ಲಿ ಚೂಪು ಮೊನೆ ಎಳೆಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ, ಮೊಂಡಾದದ್ದು ಎಳೆಯನ್ನೇ ಕಿತ್ತುಕೊಂಡು ಹೋಗುತ್ತದೆ.

ಸೇಫ್ಟಿ ಪಿನ್ನಿನ ಸುರುಳಿಯ ಮೇಲೂ ಕಣ್ಣಿರಲಿ. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಇದಕ್ಕೆ ಪೇಟೆಂಟ್ ಪಡೆದಾಗ, ಮೊನೆಯನ್ನು ಗೂಡಿಗೆ ಒತ್ತಿ ಹಿಡಿಯುವ ಸ್ಪ್ರಿಂಗಾಗಿ ಆ ಸುರುಳಿ ಇತ್ತು, ಈಗಲೂ ಇದೆ. ಬಟ್ಟೆ ಜಾರಿ ಅಲ್ಲಿಗೆ ಹೋದರೆ ಎರಡು ಸುತ್ತಿನ ನಡುವೆ ಎಳೆ ಸಿಕ್ಕಿಕೊಳ್ಳುತ್ತದೆ, ಅವಸರದಲ್ಲಿ ಬಿಚ್ಚುವಾಗ ಪರ್ರನೆ ಹರಿಯುತ್ತದೆ. ಚುಚ್ಚುವ ಮುಂಚೆ ಕಡ್ಡಿಗೆ ಒಂದು ಮಣಿ ಪೋಣಿಸಿ ಸುರುಳಿಯ ತನಕ ತಳ್ಳಿದರೆ ಬಟ್ಟೆ ಅಲ್ಲಿಗೆ ತಲುಪುವುದಿಲ್ಲ. ಕಪಾಟಿನಲ್ಲಿ ಇಡುವಾಗ ಸೀರೆಯಲ್ಲಿ ಪಿನ್ನು ಬಿಡಬೇಡಿ. ಇಲ್ಲಿಯ ಸಮುದ್ರದ ಹವೆಗೆ ನಿಕಲ್ ಲೇಪ ಸವೆದ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕಿನ ಕಲೆ ಬಿಡುತ್ತದೆ, ರೇಷ್ಮೆಯಿಂದ ಆ ಕಲೆ ತೆಗೆಯುವುದು ಬಲು ಕಷ್ಟ.

ಹರಿದದ್ದನ್ನು ಮನೆಯಲ್ಲಿ ಹೊಲಿಯಲು ಹೋಗಬೇಡಿ, ಗಮ್ಮಿನ ಪಟ್ಟಿ ಇಸ್ತ್ರಿ ಮಾಡಿ ಅಂಟಿಸುವುದಂತೂ ಬೇಡ. ಬಿಟ್ಟುಕೊಂಡ ಎಳೆಗಳನ್ನು ಕತ್ತರಿಸದೆ ಹಾಗೇ ರಫೂ ಮಾಡುವವರ ಹತ್ತಿರ ಒಯ್ಯಿರಿ, ಆ ಎಳೆಗಳೇ ಅವರಿಗೆ ಸಾಮಗ್ರಿ. ಸೆರಗಿನ ತುದಿಯಿಂದ ಒಂದೆರಡು ಎಳೆ ತೆಗೆದು ತುಂಬಿಸಬಹುದೇ ಎಂದು ಕೇಳಿ, ಬಣ್ಣ ಹೊಂದುತ್ತದೆ. ಮುಂದೆ ಉಡುವಾಗ ಆ ಜಾಗದಿಂದ ನಾಲ್ಕು ಬೆರಳು ಆಚೆ ಪಿನ್ನು ಹಾಕಿ.